ಹಣ್ಣಿನ ಹಿಪ್ಪೆ ತಿಂದರೆ ಹಸುವಿನ ಹೊಟ್ಟೆ ಹುಳಿಯಾಗುತ್ತಾ?

ಪ್ರಶ್ನೆ: ಜ್ಯೂಸ್ ತೆಗೆದ ಮೇಲೆ ಉಳಿಯುವ ಕಿತ್ತಳೆ, ಸೇಬು, ದ್ರಾಕ್ಷಿ ಹಿಪ್ಪೆಯನ್ನು ಹಸುಗಳಿಗೆ ಹಾಕಬಹುದಾ? ಹಣ್ಣು ಹುಳಿ ಇರುತ್ತಲ್ಲ, ಹೊಟ್ಟೆ ಕೆಡೋದಿಲ್ವಾ?

ಹಾಕಬಹುದು. ಹೊಟ್ಟೆ ಕೆಡುವುದು ಹಣ್ಣಿನ ಹುಳಿಯಿಂದಲ್ಲ, ಸಕ್ಕರೆ ಒಂದೇ ಸಲ ಜಾಸ್ತಿ ಒಳಗೆ ಹೋದಾಗ.

ಮೆಲುಕು ಹಾಕುವ ಪ್ರಾಣಿ ತಿಂದದ್ದೆಲ್ಲ ಮೊದಲು ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಊಟ. ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಇದೇ ಲೆಕ್ಕ. ರುಮೆನ್ ಅನ್ನುವ ದೊಡ್ಡ ಹೊಟ್ಟೆಯಲ್ಲಿ ಈ ಜೀವಿಗಳು ಮೇವನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನುವ ಆಮ್ಲಗಳನ್ನು ಮಾಡುತ್ತವೆ, ಪ್ರಾಣಿಗೆ ಸಿಗುವ ಶಕ್ತಿಯಲ್ಲಿ ಸುಮಾರು 70% ಬರುವುದು ಇವುಗಳಿಂದಲೇ. ಅಸಿಟೇಟ್ ಹಾಲಿನ ಕೊಬ್ಬಿಗೆ ಹೋಗುತ್ತದೆ. ಪ್ರೊಪಿಯೊನೇಟ್ ಲಿವರ್‌ನಲ್ಲಿ ಗ್ಲೂಕೋಸ್ ಆಗುತ್ತದೆ, ಅದರಿಂದ ಕೆಚ್ಚಲಲ್ಲಿ ಹಾಲಿನ ಸಕ್ಕರೆ ತಯಾರಾಗುತ್ತದೆ. ಅಂದರೆ ಹಸು ಬದುಕುವುದೇ ಆಮ್ಲಗಳ ಮೇಲೆ, ಅವು ಎಷ್ಟು ಬೇಗ ಹುಟ್ಟುತ್ತವೆ ಅನ್ನುವುದೇ ಮುಖ್ಯ.

ಇಲ್ಲಿ ಕಿತ್ತಳೆ ಜಾತಿಯ ಹಿಪ್ಪೆ ನನಗೆ ತುಂಬಾ ಇಷ್ಟ. ಒಣಗಿಸಿದ ಹಿಪ್ಪೆಯಲ್ಲಿ ಸುಮಾರು ಐದನೇ ಒಂದು ಭಾಗ ಪೆಕ್ಟಿನ್ ಇರುತ್ತದೆ, ಜಾಮ್ ಗಟ್ಟಿಯಾಗುವುದಕ್ಕೆ ಕಾರಣ ಅದೇ. ಪೆಕ್ಟಿನ್ ಬೇಗ ಹುದುಗುತ್ತದೆ, ಆದರೆ ಜೋಳ, ಗೋಧಿಯ ಪಿಷ್ಟದ ಹಾಗೆ ಹೊಟ್ಟೆಯನ್ನು ಹುಳಿಮಾಡುವ ಲ್ಯಾಕ್ಟಿಕ್ ಆಮ್ಲ ಕೊಡುವುದಿಲ್ಲ, ಹೆಚ್ಚಾಗಿ ಅಸಿಟೇಟ್ ಕೊಡುತ್ತದೆ, ಅದೂ ಅಲ್ಲದೆ ರುಮೆನ್ ಹುಳಿಯಾಗತೊಡಗಿದರೆ ಪೆಕ್ಟಿನ್ ಹುದುಗುವುದೇ ನಿಧಾನವಾಗುತ್ತದೆ. ತನ್ನಷ್ಟಕ್ಕೆ ತಾನೇ ಬ್ರೇಕ್ ಹಾಕಿಕೊಂಡ ಹಾಗೆ. ಅದಕ್ಕೇ ಧಾನ್ಯದ ಒಂದು ಪಾಲು ತೆಗೆದು ಇದನ್ನು ಕೊಟ್ಟರೆ ಹಾಲಿನ ಕೊಬ್ಬು ಸಾಮಾನ್ಯವಾಗಿ ಕುಸಿಯುವುದಿಲ್ಲ. ಇದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ರಂಜಕ ಕಮ್ಮಿ. ಖನಿಜ ಮಿಶ್ರಣ ಕೊಡುವಾಗ ಇದು ನೆನಪಿರಲಿ.

ಸೇಬಿನ ಹಿಪ್ಪೆಯಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನ್ ತೀರಾ ಕಮ್ಮಿ. ಆ ಕೊರತೆ ತುಂಬಲು ಯೂರಿಯಾ ಬೆರೆಸೋಣ ಅಂತ ಕೆಲವರಿಗೆ ಅನ್ನಿಸುತ್ತದೆ. ಗಬ್ಬದ ಹಸುವಿಗೆ ದಯವಿಟ್ಟು ಹಾಗೆ ಮಾಡಬೇಡಿ, ಆ ಜೋಡಿ ತಿಂದ ಹಸುಗಳು ಬಲವಿಲ್ಲದ, ಊನವಾದ ಕರುಗಳನ್ನು ಹಾಕಿದ್ದು ದಾಖಲಾಗಿದೆ. ಎಣ್ಣೆಕಾಳಿನ ಹಿಂಡಿ ಸೇರಿಸಿ.

ದ್ರಾಕ್ಷಿಯದ್ದು ಬೇರೆ ಕಥೆ. ಬೀಜ, ಸಿಪ್ಪೆಯಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಇರುತ್ತದೆ, ಅದು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಇದ್ದರೆ ಲಾಭವೇ: ರುಮೆನ್‌ನಲ್ಲಿ ಪ್ರೋಟೀನ್ ಅಮೋನಿಯಾ ಆಗಿ ಹಾಳಾಗುವುದು ತಗ್ಗುತ್ತದೆ, ಮೀಥೇನ್ ಕೂಡ ಕಮ್ಮಿಯಾಗಬಹುದು. ಜಾಸ್ತಿಯಾದರೆ ಮೇವೇ ಸರಿಯಾಗಿ ಅರಗುವುದಿಲ್ಲ.

ಇನ್ನು ಕೊಡುವ ರೀತಿ. ರುಮೆನ್‌ನ ಪಿಎಚ್, ಅಂದರೆ ಹುಳಿಯ ಅಳತೆ, ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಒಂದೇ ದಿನ ಪುಟ್ಟಿಗಟ್ಟಲೆ ಸಿಹಿ ಹಿಪ್ಪೆ ಸುರಿದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸಿ ಪಿಎಚ್ 5.5ಕ್ಕಿಂತ ಕೆಳಗೆ ಇಳಿಯುತ್ತದೆ, ಆಗ ಮೆಲುಕು ನಿಲ್ಲುತ್ತದೆ, ಸಗಣಿ ನೀರಾಗುತ್ತದೆ, ಮುಂದೆ ಗೊರಸಿಗೂ ತೊಂದರೆ. ಹಾಗಾಗಿ ಒಂದೊಂದೇ ಹಿಡಿಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ ಏರಿಸಿ, ಒಣಹುಲ್ಲು ಮಾತ್ರ ಕಮ್ಮಿ ಮಾಡಬೇಡಿ, ಏಕೆಂದರೆ ಅದನ್ನು ಅಗಿದಾಗ ಬರುವ ಜೊಲ್ಲೇ ಆಮ್ಲವನ್ನು ಹತೋಟಿಯಲ್ಲಿಡುವುದು. ಇಡೀ ಹಣ್ಣು, ದೊಡ್ಡ ಓಟೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಕತ್ತರಿಸಿ ಹಾಕಿ.

ಹಸಿ ಹಿಪ್ಪೆಯಲ್ಲಿ ನೀರೇ ಜಾಸ್ತಿ, ಕೆಲವೇ ದಿನದಲ್ಲಿ ಕೊಳೆಯುತ್ತದೆ. ಒಣಗಿಸಿಡಿ, ಇಲ್ಲವೇ ಕತ್ತರಿಸಿದ ಒಣಹುಲ್ಲು ಬೆರೆಸಿ ಗಾಳಿಯಾಡದಂತೆ ಒತ್ತಿ ರಸಮೇವು ಮಾಡಿ. ಬೂಷ್ಟು ಕಂಡರೆ ಮೇಲಿನದನ್ನು ಮಾತ್ರ ಕೆರೆದು ಹಾಕುವುದು ಬೇಡ, ಆ ರಾಶಿಯನ್ನೇ ಬಿಟ್ಟುಬಿಡಿ.