ಮಗುವಿನ ಒಸಡಲ್ಲಿ ರಕ್ತ ಬಂದರೆ ವಿಟಮಿನ್ ಸಿ ಮಾತ್ರೆ ಸಾಕಾ?

"ಐದು ವರ್ಷದ ಮಗಳಿಗೆ ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬರುತ್ತೆ. ಕ್ಯಾನ್ಸರ್ ಇರಬಹುದಾ?"

ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬರಲಿ, ಮತ್ತೆ ಹೇಳುತ್ತೇನೆ. ಬಹುಪಾಲು ಮಕ್ಕಳಲ್ಲಿ ಅದು ಕ್ಯಾನ್ಸರ್ ಅಲ್ಲ. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ಒಸಡಿನ ಅಂಚು ಕೆಂಪಾಗಿರುತ್ತದೆ, ಅಷ್ಟೇ. ಮಗು ಚೆನ್ನಾಗಿ ಆಡಿಕೊಂಡಿದ್ದರೆ ಎರಡು ವಾರ ನೀವೇ ಕೂತು ಸರಿಯಾಗಿ ಉಜ್ಜಿಸಿ, ನಿಲ್ಲುತ್ತದೆ.

ನನಗೆ ಬೇಜಾರಾಗುವುದು ಅದರ ಜೊತೆಗೇ ಬರುವ ಮಾತಿಗೆ: "ವಿಟಮಿನ್ ಸಿ ಕಮ್ಮಿ ಇರಬೇಕು ಅಲ್ವಾ? ಮಾತ್ರೆ ಕೊಡ್ತಿದ್ದೀವಿ." ದಯವಿಟ್ಟು ಇದನ್ನು ಬಿಡಿ. ವಿಟಮಿನ್ ಸಿ ಇಲ್ಲದೆ ಒಸಡು ಹಾಳಾಗಬೇಕಾದರೆ ಮಗು ತಿಂಗಳುಗಟ್ಟಲೆ ಹಣ್ಣು ತರಕಾರಿ ಮುಟ್ಟದೆ ಇರಬೇಕು. ಅದು ಅಪರೂಪ. ರಕ್ತದ ಕ್ಯಾನ್ಸರ್‌ನಲ್ಲಿ ನಡೆಯುವುದೇ ಬೇರೆ. ಮೂಳೆಯ ಮಜ್ಜೆಯಲ್ಲಿ ಕೆಟ್ಟ ಕಣಗಳು ತುಂಬಿಕೊಂಡು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗೆ ಜಾಗವೇ ಇರುವುದಿಲ್ಲ. ಸಾಮಾನ್ಯವಾಗಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕಾದದ್ದು ಕುಸಿಯುತ್ತದೆ. ಕೆಲವು ಬಗೆಗಳಲ್ಲಿ ಆ ಕಣಗಳು ಒಸಡಿನೊಳಗೇ ಸೇರಿಕೊಳ್ಳುತ್ತವೆ. ಇದನ್ನು ಯಾವ ವಿಟಮಿನ್ನೂ ಸರಿಮಾಡದು. ಮಾತ್ರೆ ಕೊಟ್ಟು ಕಾಯುವಾಗ ಕಳೆಯುವುದು ಮಗುವಿನ ಸಮಯ.

ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿ. ಕೊಳೆಯಿಂದಾದರೆ ಅಂಚು ಮಾತ್ರ ಕೆಂಪು. ಒಸಡು ಪೂರ್ತಿ ಉಬ್ಬಿ, ಹಲ್ಲಿನ ಮೇಲೆ ಹತ್ತಿ ಅರ್ಧ ಮುಚ್ಚಿದೆಯಾ? ಅಂಗುಳಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿವೆಯಾ? ಬ್ರಷ್ ಮುಟ್ಟದೆಯೇ ರಕ್ತ ಬಂದು ಬೆಳಿಗ್ಗೆ ದಿಂಬಿನ ಮೇಲೆ ಕಲೆ ಇದೆಯಾ? ಜೊತೆಗೆ ಮಗು ಬಿಳಚಿಕೊಂಡಿದ್ದರೆ, ಜ್ವರ ಬಿಡದಿದ್ದರೆ, ಹೊಟ್ಟೆ ಬೆನ್ನಿನ ಮೇಲೆ ಕಾರಣವಿಲ್ಲದೆ ನೀಲಿ ಕಲೆಗಳಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮೊದಲು ಬೇಕಾದದ್ದು ರಕ್ತಕಣಗಳ ಎಣಿಕೆ, ಸಾಮಾನ್ಯ ಪರೀಕ್ಷೆ. ಅದರ ವರದಿ ಬರುವ ತನಕ ಹಲ್ಲು ಕೀಳಿಸಬೇಡಿ, ಆಸ್ಪಿರಿನ್ ಕೊಡಬೇಡಿ.

ಯಾರೂ ಕೇಳದ ಇನ್ನೊಂದು ವಿಷಯವಿದೆ: ಅಲ್ಲಾಡುವ ಹಲ್ಲು. ಆರನೇ ವರ್ಷದ ಆಸುಪಾಸಿನಲ್ಲಿ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿದರೆ ಸಂತೋಷಪಡಿ. ಹಾಲುದವಡೆ ಹಲ್ಲು ಬೀಳುವುದು ಒಂಬತ್ತು ದಾಟಿದ ಮೇಲೆಯೇ. ಪೆಟ್ಟು ಬೀಳದೆ, ಹುಳುಕೂ ಇಲ್ಲದೆ ಮೂರು ವರ್ಷಕ್ಕೇ ಅದು ಅಲ್ಲಾಡಿದರೆ ಎಕ್ಸ್‌ರೇ ಬೇಕು. 1958ರಲ್ಲಿ ಉಗಾಂಡದ ಮಕ್ಕಳ ದವಡೆಯ ಗಡ್ಡೆಗಳ ಬಗ್ಗೆ ಬರೆದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಹೆಸರಿನ ಲಿಂಫೋಮಾ ಎಂಬ ಕ್ಯಾನ್ಸರ್ ಹಲ್ಲನ್ನು ಹೀಗೇ ಸಡಿಲಿಸುತ್ತದೆ. ಬೆಳೆಯುವ ವೇಗ ಭಯಂಕರ, ಆದರೆ ಬೇಗ ಹಿಡಿದರೆ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ.