ಗೋದಾಮಿನ ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು

ದಾವಣಗೆರೆಯ ಮಂಡಿಪೇಟೆ ಕಡೆಯ ಹಳೇ ಗೋದಾಮನ್ನು ಮನೆ ಮಾಡಿಕೊಳ್ಳಲು ಹೊರಟವರಿಗೆ ಪಾಲಿಕೆಯ ಪರವಾನಗಿ, ಪಾರ್ಕಿಂಗ್, ಅಡುಗೆಮನೆ ಎಲ್ಲದರ ಲೆಕ್ಕವೂ ಇರುತ್ತದೆ. ಎಷ್ಟು ಹೇಳಿದರೂ ತಲೆಗೆ ಹೋಗದ್ದು ಒಂದೇ: ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಬಾರದು.

"ವಾಟರ್‌ಪ್ರೂಫ್ ಪುಡಿ ಸೇರಿಸ್ತೀವಲ್ಲ ಸಾರ್?" ಆಗ ಇನ್ನೂ ಕೆಡುತ್ತದೆ. ಇಂಥ ಕಟ್ಟಡಗಳ ಪಾಯದ ಮೇಲೆ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರು ಗೋಡೆ ಹತ್ತುತ್ತದೆ, ಗಾರೆಯ ಮೈಯಿಂದ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ಮೂರಡಿಗೆ ನಿಲ್ಲುತ್ತಿದ್ದ ತೇವ ಐದಡಿಗೆ ಏರುತ್ತದೆ. ನೀರಿನೊಡನೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ, ಪ್ಲಾಸ್ಟರು ಇಟ್ಟಿಗೆಯ ಮೈಯನ್ನೇ ಕಿತ್ತುಕೊಂಡು ಉದುರುತ್ತದೆ. ರಸಗೊಬ್ಬರ ಇಲ್ಲವೇ ಉಪ್ಪಿನ ದಾಸ್ತಾನಿದ್ದ ಗೋದಾಮಾದರೆ ಗೋಡೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಾಲ್ಕಡಿವರೆಗೆ ಟೈಲ್ಸ್ ಅಂಟಿಸುವ ಜಾಣತನವೂ ಇದೇ ಜಾತಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಸಿದರೂ ನೀರು ಗೋಡೆಯ ಕಡೆಗೇ ಹೊರಳುತ್ತದೆ. ಗಾರೆಯ ಮೇಲೆ ಶಹಾಬಾದ್ ಕಲ್ಲು ವಾಸಿ.

ಮೊದಲು ನೀರಿನ ಮೂಲ ನೋಡಿ. ರಸ್ತೆಯ ಮೇಲೆ ರಸ್ತೆ ಹಾಕಿ ಬೀದಿಯೇ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ. ಗೋಡೆಗೆ ತಾಗಿದ ಹೊರಗಿನ ಮಣ್ಣನ್ನು ಒಳನೆಲಕ್ಕಿಂತ ಆರು ಇಂಚು ಕೆಳಗೆ ಇಳಿಸಿ. ಪಾಯ ಆಳವಿಲ್ಲದಿದ್ದರೆ ಎಂಜಿನಿಯರ್ ನೋಡದೆ ಅಗೆಯಬೇಡಿ. ಚರಂಡಿ ಸೋರಿಕೆ, ಮುರಿದ ಮಂಗಳೂರು ಹಂಚು, ಮಾಡಿನ ಮಳೆನೀರು ಹರಿಯುವ ದೋಣಿಯ ತೂತು ಸರಿಪಡಿಸಿ.

ಆಮೇಲೆ ಒದ್ದೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿ ತೆಗೆದು, ಇಟ್ಟಿಗೆಯ ಸಂದುಗಳನ್ನು ಮುಕ್ಕಾಲು ಇಂಚು ಆಳ ಬಿಡಿಸಿ ಒಣಗಲು ಬಿಡಿ. ಇಂಚಿಗೆ ಒಂದು ತಿಂಗಳು ಎಂಬುದು ಹಳೆಯ ಅಂದಾಜು. ಹದಿನೆಂಟು ಇಂಚಿನ ಗೋಡೆಗೆ ಅದು ಒಂದೂವರೆ ವರ್ಷ. ನಮ್ಮ ಬಿಸಿಲಿಗೆ, ಕಿಟಕಿ ತೆರೆದಿಟ್ಟರೆ ಬೇಗ ಆಗಬಹುದು, ಆದರೆ ಗೃಹಪ್ರವೇಶದ ಮುಹೂರ್ತ ನೋಡಿ ಒಣಗುವ ಗೋಡೆ ಇನ್ನೂ ಹುಟ್ಟಿಲ್ಲ.

ಗೋಡೆ ಒಣಗಿದ ಮೇಲೆ ಮೆತ್ತುವ ಗಾರೆಗೆ ನೀರಲ್ಲಿ ಕನಿಷ್ಠ ಹದಿನೈದು ದಿನ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು. ಗಾಳಿ ತಾಗಿ ಅರಳಿದ ಚೀಲದ ಸುಣ್ಣಕ್ಕೆ ಕಚ್ಚುವ ಗುಣ ಉಳಿದಿರುವುದಿಲ್ಲ. ಬುಡದಲ್ಲಿ ತೇವ ಪೂರ್ತಿ ನಿಲ್ಲದಿದ್ದರೆ ಸುಣ್ಣ ಒಂದು, ಸುಟ್ಟ ಇಟ್ಟಿಗೆಯ ಪುಡಿ ಒಂದು, ಮರಳು ಎರಡು. ಅರ್ಧ ಇಂಚಿಗಿಂತ ದಪ್ಪ ಒಮ್ಮೆಲೇ ಬೇಡ. ಒಂದು ಪದರ ಗಟ್ಟಿಯಾಗಲು ಏಳೆಂಟು ದಿನ ಬಿಟ್ಟು ಇನ್ನೊಂದು. ಏಪ್ರಿಲ್ ಬಿಸಿಲಲ್ಲಿ ಕೆಲಸ ಹಿಡಿದರೆ ಒದ್ದೆ ಗೋಣಿಚೀಲ ತೂಗುಹಾಕದೆ ಬಿರುಕು ತಪ್ಪದು. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಇಷ್ಟು ಮಾಡಿದ್ದೂ ವ್ಯರ್ಥ.

ಇನ್ನು ತೊಲೆ. ತೇವ ಕುಡಿದ ಗೋಡೆಯೊಳಗೆ ಕೂತ ತೊಲೆಯ ತುದಿ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆಗೆ ತಾಗಿದ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ; ಅರ್ಧ ಇಂಚು ಸಲೀಸಾಗಿ ಇಳಿದರೆ ಮಹಡಿಯ ಮೇಲೆ ಸಾಮಾನು ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಕೆಳಗೆ ಆಸರೆ ಕೊಟ್ಟು ಎಂಜಿನಿಯರನ್ನು ಕರೆಸಿ.