ಮೇಡಂಗೆ ಹೇಳದ್ದನ್ನು ಅಕ್ಕನಿಗೆ ಹೇಳುತ್ತಾರೆ

ಆರು ಬೆಡ್, ಆರಕ್ಕೂ ಬಿಪಿ 120/80. ನಾನು ಪಾಠ ಹೇಳುವ ನರ್ಸಿಂಗ್ ಕಾಲೇಜಿನ ಮೊದಲ ಸೆಮಿಸ್ಟರ್ ಹುಡುಗಿ ಬರೆದ ಚಾರ್ಟ್ ನೋಡಿ ಮೊದಲು ನಗು ಬಂತು. ಮೂರನೇ ಬೆಡ್‌ನ ಅಜ್ಜಿಗೆ ನಾನೇ ನೋಡಿದಾಗ ಮೇಲಿನದು 170 ದಾಟಿತ್ತು, ಆಗ ನಗು ಹೋಯಿತು. ಬೈದೆ. ಅತ್ತಳು, ಅಷ್ಟೇ. ನಿಜ ಗೊತ್ತಾಗಿದ್ದು ಸಂಜೆ, ಅವಳಿಗೆ ಮೆಂಟರ್ ಆಗಿ ಜೋಡಿಸಿದ್ದ ಮೂರನೇ ವರ್ಷದ ಸೀನಿಯರ್‌ನಿಂದ (ಜೂನಿಯರ್‌ಗಳ ಬಾಯಲ್ಲಿ 'ಅಕ್ಕ'): ಸ್ಟೆತಾಸ್ಕೋಪ್‌ನಲ್ಲಿ ಆ ಹುಡುಗಿಗೆ ಶಬ್ದವೇ ಕೇಳಿಸುತ್ತಿರಲಿಲ್ಲವಂತೆ.

ಅವತ್ತು ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಆ ಸೀನಿಯರ್ ತನ್ನ ಕೈಯನ್ನೇ ಕೊಟ್ಟು ಕೂತು ಹೇಳಿಕೊಟ್ಟಳು: ಇಯರ್‌ಪೀಸ್ ಉಲ್ಟಾ ಹಾಕಿದ್ದೀಯ ನೋಡು, ತುದಿ ಮೂಗಿನ ಕಡೆ ಇರಬೇಕು. ತೋಳಿಗೆ ಸುತ್ತುವ ಕಫ್ ಪಟ್ಟಿಯ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಗಾಳಿ ತುಂಬುತ್ತಾ ಮಣಿಕಟ್ಟಿನ ನಾಡಿ ಸಿಗದೆ ಹೋದಮೇಲೆ ಒತ್ತಡ ಇನ್ನೂ 30 ಏರಿಸು, ಆಮೇಲೆ ಸೆಕೆಂಡಿಗೆ 2-3ರಂತೆ ನಿಧಾನಕ್ಕೆ ಇಳಿಸು. ಇದನ್ನೆಲ್ಲ ನಾನು ಕ್ಲಾಸಿನಲ್ಲಿ ಹೇಳಿದ್ದೆ, ಆದರೆ 'ಕೇಳಿಸ್ತಿಲ್ಲ' ಅಂತ ಹತ್ತು ಸಲ ಹೇಳೋಕೆ ನನ್ನೆದುರು ಯಾರಿಗೆ ಧೈರ್ಯ ಬರುತ್ತೆ, ಅಲ್ವಾ? ಮುಂದಿನ ವಾರದ ಚಾರ್ಟ್‌ನಲ್ಲಿ ಒಂದು ಬೆಡ್‌ನ ಮುಂದೆ 'ಕೇಳಿಸಲಿಲ್ಲ, ಸಿಸ್ಟರ್ ನೋಡಿದರು' ಅಂತಿತ್ತು. ನನಗೆ ಬೇಕಿದ್ದದ್ದು ಅದೇ.

ಕೋಲಾರದಲ್ಲಿ ಇನ್ನೊಂದು ಕಷ್ಟ ಇದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಎಷ್ಟೋ ಪೇಷೆಂಟ್‌ಗಳು ನೋವು ಹೇಳೋದು ತೆಲುಗಿನಲ್ಲಿ. ಹಾವೇರಿಯಿಂದ ಬಂದ ಹುಡುಗಿಗೆ 'ನೊಪ್ಪಿ' ಅಂದರೆ ನೋವು ಅಂತ ಯಾವ ಸಿಲಬಸ್ಸೂ ಕಲಿಸಲ್ಲ, ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಅಕ್ಕ ಕಲಿಸುತ್ತಾಳೆ.

ಆದರೆ ಅಕ್ಕನ ಹತ್ತಿರ ನಿಲ್ಲಬಾರದ ವಿಷಯವೂ ಇದೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕೋಕೆ ಹೋಗಿ ಬೆರಳಿಗೆ ಚುಚ್ಚಿಕೊಂಡರೆ ಜೂನಿಯರ್ ಮೊದಲು ಓಡೋದು ಸೀನಿಯರ್ ಹತ್ತಿರ. ಇಬ್ಬರೂ ಸೇರಿ ಮುಚ್ಚಿಟ್ಟರೆ ಕೆಟ್ಟಿತು. ಬೆರಳು ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ತಕ್ಷಣ ವಾರ್ಡ್ ಇನ್‌ಚಾರ್ಜ್‌ಗೆ ಹೇಳಬೇಕು, ಯಾಕೆಂದರೆ ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ಮೆಂಟರ್‌ಗಳಿಗೆ ಮೊದಲ ದಿನವೇ ನಾನು ಹೇಳೋದು ಇದು: ಮನೆ ನೆನಪು, ಲವ್ವು, ಅನಾಟಮಿ ಭಯ ಎಲ್ಲ ನಿಮ್ಮಲ್ಲೇ ಇರಲಿ, ಸೂಜಿ ಮತ್ತು ಔಷಧಿ ತಪ್ಪು ಮಾತ್ರ ನನಗೆ ಬರಲಿ.

ಒಬ್ಬ ಸೀನಿಯರ್‌ಗೆ ಮೂವರು ಜೂನಿಯರ್‌ಗಳು ಸಾಕು. ಟಾಪರ್‌ಗಳನ್ನೇ ಹುಡುಕಬೇಡಿ. ಒಂದು ಸಬ್ಜೆಕ್ಟ್ ಹೋಗಿ ಮತ್ತೆ ಪಾಸಾದವಳಿಗೆ ತಾಳ್ಮೆ ಜಾಸ್ತಿ ಅಂತ ನನ್ನ ಅನುಭವ. ಮತ್ತೆ, ಸೀನಿಯರ್‌ನ ರೆಕಾರ್ಡ್ ಪುಸ್ತಕಕ್ಕೆ ಜೂನಿಯರ್ ಕೂತು ಚಿತ್ರ ಬಿಡಿಸಿಕೊಡೋದು ಕಂಡರೆ ನಾನು ಸುಮ್ನೆ ಇರಲ್ಲ, ಆ ಜೋಡಿಯನ್ನು ಅವತ್ತೇ ಬದಲಿಸುತ್ತೇನೆ.